ಫೇಲ್ ಆಗಬೇಕಾದ ಟೆಸ್ಟ್ ಫೇಲ್ ಆಗಲೇಬೇಕು: ಪುಟ್ಟ ಸಿ ಟೆಸ್ಟ್ ಲೈಬ್ರರಿಯೊಂದನ್ನು ಡೆಬಿಯನ್‌ಗೆ ಪ್ಯಾಕೇಜ್ ಮಾಡಿದ ಪ್ರಕರಣ

ಕೋಡಿನ ಚಿಕ್ಕ ಚಿಕ್ಕ ಭಾಗಗಳನ್ನು ಪರೀಕ್ಷಿಸುವ ಯೂನಿಟ್ ಟೆಸ್ಟ್ ಲೈಬ್ರರಿಗಳು ಸಿ ಭಾಷೆಗೆ ಬೇಕಾದಷ್ಟಿವೆ. ಪ್ರತಿ ಟೆಸ್ಟನ್ನೂ ಫೋರ್ಕ್ ಮಾಡಿ ಬೇರೆ ಪ್ರೊಸೆಸ್‌ನಲ್ಲಿ ಓಡಿಸುವ ಚೆಕ್ ಇದೆ. ಮಾಕ್ (ಅಸಲಿ ಫಂಕ್ಷನ್ ಬದಲು ನಕಲಿ ಇಡುವ) ಸೌಲಭ್ಯ ಇರುವ ಸಿಮಾಕಾ ಇದೆ. ಪುಟ್ಟ ಚಿಪ್‌ಗಳಿಗೆ ಕೋಡ್ ಬರೆಯುವವರು ಯೂನಿಟಿ ಬಳಸುತ್ತಾರೆ. ಇಷ್ಟೆಲ್ಲ ಬೇಡ, ಒಂದು ಹೆಡರ್, ಎರಡು ಸಿ ಫೈಲ್ ಸಾಕು ಅನ್ನುವವರೂ ಇದ್ದಾರೆ. ನಾನು ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗೆ ಪ್ಯಾಕೇಜ್ ಮಾಡಿದ್ದು, ಅಂದರೆ ಸುಲಭವಾಗಿ ಇನ್‌ಸ್ಟಾಲ್ ಆಗುವ ಹಾಗೆ ಕಟ್ಟಿಕೊಟ್ಟದ್ದು, ಅಂಥ ಒಂದು ಲೈಬ್ರರಿಯನ್ನು. ಒಟ್ಟು ಸುಮಾರು 900 ಸಾಲು. ಬೇರೆ ಯಾವ ಲೈಬ್ರರಿಯ ಹಂಗೂ ಇಲ್ಲ, ಸಿ ಸ್ಟ್ಯಾಂಡರ್ಡ್ ಲೈಬ್ರರಿ ಇದ್ದರೆ ಆಯಿತು.

ಪ್ಯಾಕೇಜ್ ಯಾಕೆ ಬೇಕಾಯಿತು? ಇದನ್ನು ಬಳಸುವವರೆಲ್ಲ ಆ ಮೂರು ಫೈಲುಗಳನ್ನು ತಮ್ಮ ಸೋರ್ಸ್ ಒಳಗೆ ಕಾಪಿ ಮಾಡಿಕೊಂಡಿದ್ದರು. ಡೆಬಿಯನ್‌ನಲ್ಲಿ ಆಗಲೇ ಇದ್ದ ನಾಲ್ಕು ಪ್ಯಾಕೇಜ್‌ಗಳಲ್ಲಿ ನಾಲ್ಕು ಬೇರೆ ಬೇರೆ ಕಾಪಿ ನನ್ನ ಕಣ್ಣಿಗೆ ಬಿದ್ದವು. ಒಂದರಲ್ಲಿ ಸರಿಮಾಡಿದ ತಪ್ಪು ಇನ್ನೊಂದರಲ್ಲಿ ಹಾಗೇ ಉಳಿದಿತ್ತು. ಹೀಗೆ ಕೋಡನ್ನು ಒಳಗೇ ಇಟ್ಟುಕೊಳ್ಳುವುದನ್ನು ಡೆಬಿಯನ್ ಪಾಲಿಸಿಯೂ ಒಪ್ಪುವುದಿಲ್ಲ. ಒಂದೇ ಕಡೆ ಇರಲಿ, ಎಲ್ಲರೂ ಅಲ್ಲಿಂದಲೇ ಬಳಸಲಿ ಅಂತ ಕೆಲಸ ಶುರು ಮಾಡಿದೆ.

ಎರಡು ದಿನ ಸಾಕು ಅಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು. ಬೇರೆ ಲೈಬ್ರರಿಯಲ್ಲಿ ತಪ್ಪಿದ್ದರೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ, ಇಲ್ಲವೇ ಉತ್ತರ ತಪ್ಪು ಬರುತ್ತದೆ. ಯಾರಾದರೂ ದೂರು ಕೊಡುತ್ತಾರೆ. ಟೆಸ್ಟ್ ಲೈಬ್ರರಿಯಲ್ಲಿ ತಪ್ಪಿದ್ದರೆ 'ಎಲ್ಲ ಪಾಸ್' ಅಂತ ಬರುತ್ತದೆ. ಅದನ್ನು ನೋಡಿ ಯಾರೂ ದೂರು ಕೊಡುವುದಿಲ್ಲ.

ಶೇರ್ಡ್ ಬೇಕಾ, ಸ್ಟ್ಯಾಟಿಕ್ ಸಾಕಾ?

ಶೇರ್ಡ್ ಲೈಬ್ರರಿ ಪ್ರೋಗ್ರಾಂನಿಂದ ಹೊರಗೆ ಬೇರೆ ಫೈಲ್ ಆಗಿರುತ್ತದೆ, ಸ್ಟ್ಯಾಟಿಕ್ ಲೈಬ್ರರಿ ಲಿಂಕ್ ಆಗುವಾಗಲೇ ಪ್ರೋಗ್ರಾಂ ಒಳಗೆ ಸೇರಿಹೋಗುತ್ತದೆ. ಸಾಮಾನ್ಯ ಲೈಬ್ರರಿಯಾಗಿದ್ದರೆ ಶೇರ್ಡ್ ಲೈಬ್ರರಿ ಒಂದು ಪ್ಯಾಕೇಜ್‌ನಲ್ಲಿ, ಹೆಡರ್ ಮುಂತಾದವು ಡೆವ್ (ಡೆವಲಪರ್‌ಗಳಿಗೆಂದು ಇರುವ) ಪ್ಯಾಕೇಜ್‌ನಲ್ಲಿ ಇರುತ್ತವೆ. ಮುಂದೆ ಸೆಕ್ಯುರಿಟಿ ದೋಷ ಸಿಕ್ಕರೆ ಶೇರ್ಡ್ ಲೈಬ್ರರಿಯೊಂದನ್ನು ಬದಲಿಸಿದರೆ ಸಾಕು. ಅದನ್ನು ಬಳಸುವ ಪ್ರೋಗ್ರಾಂಗಳನ್ನು ಮತ್ತೆ ಕಂಪೈಲ್ ಮಾಡುವ ಗೋಜಿಲ್ಲ.

ಆದರೆ ಶೇರ್ಡ್ ಲೈಬ್ರರಿ ಕೊಡುವುದೆಂದರೆ ಮಾತು ಕೊಟ್ಟ ಹಾಗೆ. ಎಸ್‌ಒನೇಮ್‌ನಲ್ಲಿರುವ (ಲೈಬ್ರರಿ ಫೈಲ್ ಒಳಗೆ ಬರೆದಿರುವ ಹೆಸರಿನಲ್ಲಿರುವ) ಸಂಖ್ಯೆ ಬದಲಾಗುವವರೆಗೆ ಎಬಿಐ (ಕಂಪೈಲ್ ಆದ ಕೋಡ್‌ಗಳ ನಡುವಿನ ಹೊಂದಾಣಿಕೆ) ಮುರಿಯುವುದಿಲ್ಲ ಅನ್ನುವ ಮಾತು ಅದು. ಈ ಲೈಬ್ರರಿಯಲ್ಲಿ ಮ್ಯಾಕ್ರೋಗಳೇ ಜಾಸ್ತಿ. ಬಳಸುವವರ ಟೆಸ್ಟ್ ಕಂಪೈಲ್ ಆಗುವಾಗ ಮ್ಯಾಕ್ರೋ ಬಿಚ್ಚಿಕೊಂಡು ಒಂದು ಸ್ಟ್ರಕ್ಟ್ (ಹಲವು ಫೀಲ್ಡ್‌ಗಳ ಕಟ್ಟು) ತುಂಬುತ್ತದೆ. ಅದರ ಪಾಯಿಂಟರ್ ಟೆಸ್ಟ್‌ಗಳನ್ನು ಓಡಿಸುವ ರನ್ನರ್ ಕೈಗೆ ಹೋಗುತ್ತದೆ. ಅಂದರೆ ಸ್ಟ್ರಕ್ಟ್‌ನ ಅಳತೆ, ಯಾವ ಫೀಲ್ಡ್ ಎಲ್ಲಿದೆ ಅನ್ನುವುದು, ಎಲ್ಲವೂ ಬಳಸುವವರ ಆಬ್ಜೆಕ್ಟ್ ಫೈಲ್‌ನಲ್ಲೇ ಅಚ್ಚಾಗಿ ಕೂರುತ್ತದೆ. ನಾಳೆ ಟೈಮ್‌ಔಟ್‌ಗೆಂದು ನಡುವೆ ಒಂದು ಫೀಲ್ಡ್ ಸೇರಿಸಿದರೆ ಹಳೆಯ ಆಬ್ಜೆಕ್ಟ್‌ಗೂ ಹೊಸ ಲೈಬ್ರರಿಗೂ ತಾಳೆಯಾಗುವುದಿಲ್ಲ. ಆಬ್ಜೆಕ್ಟ್‌ಗಳನ್ನೂ ಲೈಬ್ರರಿಗಳನ್ನೂ ಜೋಡಿಸುವ ಲಿಂಕರ್ ಇದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಲೈಬ್ರರಿ ಬರೆದವರನ್ನು ಕೇಳಿದೆ. "ಸ್ಟ್ರಕ್ಟ್ ಇನ್ನೂ ಗಟ್ಟಿಯಾಗಿಲ್ಲ, ಬದಲಾಗುತ್ತಲೇ ಇರುತ್ತದೆ" ಅಂದರು. ನೇರವಾದ ಉತ್ತರ.

ಆಗ ಇನ್ನೊಂದು ವಿಷಯ ಯೋಚಿಸಿದೆ. ಟೆಸ್ಟ್ ಲೈಬ್ರರಿ ಬೇಕಾಗುವುದು ಬಿಲ್ಡ್ ಆಗುವಾಗ ಮಾತ್ರ. ಬಳಕೆದಾರರ ಯಂತ್ರಕ್ಕೆ ಹೋಗುವ ಪ್ರೋಗ್ರಾಂನಲ್ಲಿ ಅದರ ಒಂದು ಬೈಟ್ ಕೂಡ ಇರುವುದಿಲ್ಲ. ಯಾವುದಾದರೂ ಪ್ಯಾಕೇಜ್ ಮತ್ತೆ ಬಿಲ್ಡ್ ಆದಾಗ ಅದರ ಟೆಸ್ಟ್‌ಗಳೂ ಹೊಸದಾಗಿಯೇ ಕಂಪೈಲ್ ಆಗುತ್ತವೆ, ಆಗ ಹೊಸ ಲೈಬ್ರರಿಯೇ ಸಿಗುತ್ತದೆ. ಹಾಗಿದ್ದಮೇಲೆ ಶೇರ್ಡ್ ಲೈಬ್ರರಿಯಿಂದ ಸಿಗುವ ಲಾಭವೇ ಇಲ್ಲಿಲ್ಲ, ಅಲ್ವಾ? ಸ್ಟ್ಯಾಟಿಕ್ ಲೈಬ್ರರಿ, ಹೆಡರ್, ಲೈಬ್ರರಿ ಎಲ್ಲಿದೆ ಅಂತ ಹೇಳುವ ಪ್ಯಾಕೇಜ್-ಕಾನ್ಫಿಗ್ ಫೈಲ್, ಇಷ್ಟನ್ನೂ ಒಂದೇ ಡೆವ್ ಪ್ಯಾಕೇಜ್‌ನಲ್ಲಿ ಇಟ್ಟೆ. ಈ ತೀರ್ಮಾನ ಮುಂದೆ ನನ್ನನ್ನು ಕಾಪಾಡಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೇಕ್‌ಫೈಲ್‌ನ ಒಂದು ಸಾಲು

ಬಿಲ್ಡ್ ಹೇಗೆ ಮಾಡಬೇಕು ಅಂತ ಮೇಕ್ ಪ್ರೋಗ್ರಾಂಗೆ ಹೇಳುವ ಮೇಕ್‌ಫೈಲ್ ಹದಿನೈದು ಸಾಲಿನದು. ಅದರಲ್ಲಿ ಎರಡು ತೊಂದರೆಗಳಿದ್ದವು. ಇನ್‌ಸ್ಟಾಲ್ ಆಗುವ ಜಾಗ ಯುಎಸ್‌ಆರ್-ಲೋಕಲ್ ಅಂತ ಗಟ್ಟಿಯಾಗಿ ಬರೆದಿತ್ತು, ಬೇರೆ ಜಾಗಕ್ಕೆ ಇನ್‌ಸ್ಟಾಲ್ ಮಾಡಲು ಬಳಸುವ ಡೆಸ್ಟ್‌ಡಿರ್ ವೇರಿಯಬಲ್ ಅನ್ನು ಗಮನಿಸುತ್ತಲೇ ಇರಲಿಲ್ಲ. ಇದು ಎಲ್ಲ ಪ್ಯಾಕೇಜರ್‌ಗಳಿಗೂ ಗೊತ್ತಿರುವ ತೊಂದರೆ. ಒಂದು ಪ್ಯಾಚ್‌ನಲ್ಲಿ (ಕೋಡ್‌ಗೆ ಮಾಡುವ ತಿದ್ದುಪಡಿಯಲ್ಲಿ) ಮುಗಿಯಿತು.

ಎರಡನೆಯದು ಕಂಪೈಲರ್‌ಗೆ ಆಯ್ಕೆಗಳನ್ನು ಕೊಡುವ ಸಿಫ್ಲ್ಯಾಗ್ಸ್ ಸಾಲು. ಅದಕ್ಕೆ = ಹಾಕಿ ಡೀಬಗ್ ಆಯ್ಕೆ ಒಂದನ್ನೇ ಕೊಟ್ಟಿದ್ದರು. ಡೆಬಿಯನ್‌ನಲ್ಲಿ ಬಿಲ್ಡ್ ಮಾಡುವಾಗ ಓ2 ಆಪ್ಟಿಮೈಸೇಶನ್ (ಕೋಡನ್ನು ವೇಗಗೊಳಿಸುವ ಆಯ್ಕೆ), ಸ್ಟ್ಯಾಕ್ ರಕ್ಷಣೆ, ಫಾರ್ಮ್ಯಾಟ್ ಸ್ಟ್ರಿಂಗ್ ತಪಾಸಣೆ ಇವೆಲ್ಲ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಬರುತ್ತವೆ. ಆದರೆ ಮೇಕ್‌ನ ನಿಯಮವೇ ಬೇರೆ. ಮೇಕ್‌ಫೈಲ್ ಒಳಗೆ = ಹಾಕಿ ಬರೆದದ್ದು ಹೊರಗಿನಿಂದ ಬಂದದ್ದನ್ನು ಅಳಿಸಿಹಾಕುತ್ತದೆ. ಬಿಲ್ಡ್ ಏನೂ ತಕರಾರಿಲ್ಲದೆ ಮುಗಿಯುತ್ತದೆ. ಲಾಗ್ ಓದಿದವರಿಗೆ ಮಾತ್ರ ಫ್ಲ್ಯಾಗ್‌ಗಳು ಕಾಣೆಯಾದದ್ದು ಗೊತ್ತಾಗುತ್ತದೆ. = ಇದ್ದ ಕಡೆ, ಹೊರಗಿನಿಂದ ಏನೂ ಬರದಿದ್ದರೆ ಮಾತ್ರ ತನ್ನದನ್ನು ಇಡುವ ?= ಹಾಕಿದೆ. ಇಷ್ಟೇ ಬದಲಾವಣೆ.

ಕೂಡಲೇ ಬಿಲ್ಡ್ ಮುರಿಯಿತು. ಟೆಸ್ಟ್‌ನ ಷರತ್ತನ್ನು ಪರೀಕ್ಷಿಸುವ ಅಸರ್ಟ್ ಮ್ಯಾಕ್ರೋಗೆ ಬಳಸುವವರು ಕೊಟ್ಟ ಸಂದೇಶವನ್ನು ಅಚ್ಚು ಮಾಡುವ ಎಫ್‌ಪ್ರಿಂಟ್ಎಫ್ ಫಂಕ್ಷನ್‌ಗೆ ನೇರವಾಗಿ ಫಾರ್ಮ್ಯಾಟ್ ಆಗಿಯೇ ಕೊಟ್ಟಿದ್ದರು. ಸಂದೇಶದಲ್ಲಿ % ಚಿಹ್ನೆ ಇದ್ದರೆ ಏನೇನೋ ಅಚ್ಚಾಗಬಹುದು, ಕ್ರ್ಯಾಶ್ ಕೂಡ ಆಗಬಹುದು. ಡೆಬಿಯನ್‌ನ ಫ್ಲ್ಯಾಗ್‌ಗಳು ಈ ವಾರ್ನಿಂಗ್ ಅನ್ನು ಎರರ್ ಎಂದೇ ಪರಿಗಣಿಸುತ್ತವೆ. ಸಂದೇಶವನ್ನು ಫಾರ್ಮ್ಯಾಟ್ ಜಾಗದಿಂದ ತೆಗೆದು ಸಾದಾ ಸ್ಟ್ರಿಂಗ್ ಆಗಿ ಕೊಟ್ಟೆ. ಬಿಲ್ಡ್ ದಾಟಿತು, ಲೈಬ್ರರಿಯ ಸ್ವಂತ ಟೆಸ್ಟ್‌ಗಳೂ ಪಾಸ್ ಆದವು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ಸಂಗತಿ ಕೊರೆಯುತ್ತಿತ್ತು. ಆ ಸ್ವಂತ ಟೆಸ್ಟ್‌ಗಳೆಲ್ಲ ಪಾಸ್ ಆಗುವಂಥವೇ. 'ಎರಡು ಎರಡು ನಾಲ್ಕು' ಅನ್ನುವ ಥರದವು. ಬೇಕೆಂದೇ ಫೇಲ್ ಆಗುವ ಒಂದು ಟೆಸ್ಟ್ ಕೂಡ ಇರಲಿಲ್ಲ. ಸುಮ್ನೆ ಒಂದು ನೋಡೋಣ ಅಂತ ಐದು ಸಾಲಿನ ಪ್ರೋಗ್ರಾಂ ಬರೆದೆ. ಅದರಲ್ಲಿ ಒಂದೇ ಟೆಸ್ಟ್: ಒಂದು ಮತ್ತು ಎರಡು ಸಮ.

ಓಡಿಸಿದೆ. 'ಫೇಲ್: 0, ಸ್ಕಿಪ್: 1' ಅಂತ ಬಂತು. ಪ್ರೋಗ್ರಾಂ ಮುಗಿಯುವಾಗ ಕೊಡುವ ಎಕ್ಸಿಟ್ ಕೋಡ್ ಸೊನ್ನೆ ಇದ್ದರೆ ಪಾಸ್ ಅಂತ ಅರ್ಥ. ಇಲ್ಲೂ ಎಕ್ಸಿಟ್ ಕೋಡ್ ಸೊನ್ನೆ.

ಸ್ಕಿಪ್ ಆಗಿದ್ದು ಯಾಕೆ?

ಹಳೆಯ ಮೇಕ್‌ಫೈಲ್‌ನಲ್ಲಿ ಬಿಲ್ಡ್ ಮಾಡಿ ನೋಡಿದರೆ ಅದೇ ಪ್ರೋಗ್ರಾಂ ಸರಿಯಾಗಿ ಫೇಲ್ ಆಗುತ್ತಿತ್ತು. ನನ್ನ ?= ಬಂದಮೇಲೆ ಸ್ಕಿಪ್. ಎರಡಕ್ಕೂ ಇದ್ದ ಮುಖ್ಯ ವ್ಯತ್ಯಾಸ ಓ2.

ಈ ಲೈಬ್ರರಿ ಫೋರ್ಕ್ ಮಾಡುವುದಿಲ್ಲ. ಅಸರ್ಟ್ ಸೋತರೆ ಲಾಂಗ್‌ಜಂಪ್ ಮಾಡಿ, ಮೊದಲೇ ಸೆಟ್‌ಜಂಪ್‌ನಿಂದ ಗುರುತು ಹಾಕಿಟ್ಟ ಜಾಗಕ್ಕೆ, ಅಂದರೆ ರನ್ನರ್‌ಗೆ ಹಾರಿ ಬರುತ್ತದೆ. ರನ್ನರ್‌ನಲ್ಲಿ 'ಹಂತ' ಅನ್ನುವ ಅರ್ಥದ ಒಂದು ಲೋಕಲ್ ವೇರಿಯಬಲ್ ಇದೆ. ಶುರುವಿನಲ್ಲಿ ಅದು 0. ಸೆಟ್‌ಜಂಪ್ ಆದಮೇಲೆ, ಸೆಟಪ್ ಫಂಕ್ಷನ್‌ಗೆ ಮುಂಚೆ 1 ಆಗುತ್ತದೆ. ಟೆಸ್ಟ್‌ಗೆ ಮುಂಚೆ 2 ಆಗುತ್ತದೆ. ಟೆಸ್ಟ್ ಮುಗಿದರೆ 3. ಹಾರಿ ವಾಪಸ್ ಬಂದಾಗ ಹಂತ 2 ಇದ್ದರೆ ಟೆಸ್ಟ್ ಫೇಲ್ ಆಗಿದೆ ಎಂದರ್ಥ. 0 ಇದ್ದರೆ ಟೆಸ್ಟ್ ಶುರುವೇ ಆಗಲಿಲ್ಲ, ಅಂದರೆ ಸ್ಕಿಪ್.

ಓದಲು ಅಚ್ಚುಕಟ್ಟಾಗಿದೆ. ಆದರೆ ಸಿ ಸ್ಟ್ಯಾಂಡರ್ಡ್ 1989ರಿಂದಲೂ ಒಂದು ಮಾತು ಹೇಳುತ್ತಾ ಬಂದಿದೆ. ಸೆಟ್‌ಜಂಪ್ ಕರೆದ ಫಂಕ್ಷನ್‌ನ ಲೋಕಲ್ ವೇರಿಯಬಲ್ ಒಂದನ್ನು ಸೆಟ್‌ಜಂಪ್ ಮತ್ತು ಲಾಂಗ್‌ಜಂಪ್ ನಡುವೆ ಬದಲಿಸಿದರೆ, ಹಾರಿ ಬಂದಮೇಲೆ ಅದರ ಬೆಲೆ ಏನಿರುತ್ತದೆ ಅನ್ನುವುದಕ್ಕೆ ಯಾವ ಖಾತ್ರಿಯೂ ಇಲ್ಲ. ವೊಲಟೈಲ್ ಅಂತ ಘೋಷಿಸಿದ್ದರೆ ಮಾತ್ರ ಖಾತ್ರಿ. ಆಪ್ಟಿಮೈಸೇಶನ್ ಇಲ್ಲದಾಗ ವೇರಿಯಬಲ್ ಮೆಮೊರಿಯಲ್ಲಿ ಕೂತಿರುತ್ತದೆ, ಹಾಗಾಗಿ ಹೊಸ ಬೆಲೆ ಉಳಿಯುತ್ತದೆ. ಓ2 ಬಂದಮೇಲೆ ಅದು ಎಲ್ಲಿರಬೇಕು ಅನ್ನುವುದು ಕಂಪೈಲರ್‌ಗೆ ಬಿಟ್ಟದ್ದು. ನಮ್ಮ ಬಿಲ್ಡ್‌ನಲ್ಲಿ ಹಳೆಯ ಬೆಲೆ ವಾಪಸ್ ಬಂತು. ಹಂತ 0, ಆದ್ದರಿಂದ ಸ್ಕಿಪ್.

ಜಿಸಿಸಿ ಕಂಪೈಲರ್ ಇದನ್ನು ಹಿಡಿದು ಹೇಳಬಲ್ಲದು. 'ಕ್ಲಾಬರ್ಡ್' ಅನ್ನುವ ವಾರ್ನಿಂಗ್ ಇದಕ್ಕೆಂದೇ ಇದೆ. ಅದು 'ಎಕ್ಸ್‌ಟ್ರಾ' ವಾರ್ನಿಂಗ್‌ಗಳ ಗುಂಪಿನಲ್ಲಿ ಬರುತ್ತದೆ, ಆ ಗುಂಪನ್ನು ಯಾರೂ ಆನ್ ಮಾಡಿರಲಿಲ್ಲ. ಲೋಕಲ್ ವೇರಿಯಬಲ್ ತೆಗೆದು ಹಂತವನ್ನು ರನ್ನರ್‌ನ ಸ್ಟ್ರಕ್ಟ್‌ಗೆ ಸಾಗಿಸಿದೆ, ಪ್ಯಾಚನ್ನು ಲೈಬ್ರರಿ ಬರೆದವರಿಗೆ ಕಳಿಸಿದೆ. ಅದೇ ದಿನ ಸೇರಿಸಿಕೊಂಡರು. ಅವರು ಬೇಸರಪಟ್ಟದ್ದು ಪತ್ರದಲ್ಲೇ ಕಾಣುತ್ತಿತ್ತು. ತಮ್ಮ ಯಂತ್ರದಲ್ಲಿ ಅವರು ಎಂದೂ ಓ2 ಹಾಕಿ ಓಡಿಸಿರಲಿಲ್ಲ. ಆದರೆ ಫೈಲುಗಳನ್ನು ಕಾಪಿ ಮಾಡಿಕೊಂಡವರ ಬಿಲ್ಡ್‌ಗಳಲ್ಲಿ ಓ2 ಇತ್ತು.

ಇನ್ನೂ ಎರಡು ಬಾಗಿಲು

ಇದಾದಮೇಲೆ ನಾನು ಕೋಡನ್ನು ಬೇರೆ ಕಣ್ಣಿನಿಂದ ಓದಿದೆ. ಫೇಲ್ ಆದದ್ದು ಯಾವ ಯಾವ ದಾರಿಯಲ್ಲಿ ಪಾಸ್ ಆಗಿ ಹೊರಗೆ ಹೋಗಬಹುದು?

ಒಂದು ದಾರಿ ಮೇನ್ ಫಂಕ್ಷನ್‌ನ ಕೊನೆಯಲ್ಲೇ ಇತ್ತು. ಎಷ್ಟು ಟೆಸ್ಟ್ ಫೇಲ್ ಆದವೋ ಆ ಸಂಖ್ಯೆಯನ್ನೇ ರಿಟರ್ನ್ ಮಾಡುತ್ತಿದ್ದರು. ಬಹಳ ಜನ ಹೀಗೆ ಬರೆಯುತ್ತಾರೆ. ಆದರೆ ಯುನಿಕ್ಸ್‌ನಲ್ಲಿ ಶೆಲ್‌ಗೆ ಮುಟ್ಟುವುದು ಎಕ್ಸಿಟ್ ಕೋಡ್‌ನ ಕೆಳಗಿನ 8 ಬಿಟ್ ಮಾತ್ರ. 255 ಟೆಸ್ಟ್ ಫೇಲ್ ಆದರೆ 255. ಇನ್ನೊಂದು ಫೇಲ್ ಆಗಿ 256 ಆದರೆ ಸೊನ್ನೆ, ಅಂದರೆ ಪಾಸ್. ಇಷ್ಟೊಂದು ಫೇಲ್ ಎಲ್ಲಾಗುತ್ತದೆ ಅನ್ನಿಸಬಹುದು. ಒಂದು ಟೇಬಲ್ ಇಟ್ಟುಕೊಂಡು ಪ್ರತಿ ಬೈಟ್‌ಗೂ ಒಂದೊಂದು ಟೆಸ್ಟ್ ಮಾಡುವವರಿಗೆ 256 ಅನ್ನುವುದು ತೀರಾ ಸಹಜವಾದ ಸಂಖ್ಯೆ. ಎಲ್ಲ ಫೇಲ್ ಆದರೆ ಸರಿಯಾಗಿ ಅಲ್ಲೇ ಬಂದು ನಿಲ್ಲುತ್ತದೆ. ಈಗ ಫೇಲ್ ಇದ್ದರೆ 1, ಇಲ್ಲದಿದ್ದರೆ 0.

ಇನ್ನೊಂದು ದಾರಿ ಸ್ವಲ್ಪ ಆಳದಲ್ಲಿತ್ತು. ಟೆಸ್ಟ್‌ಗಳು ತಮ್ಮನ್ನು ತಾವೇ ನೋಂದಾಯಿಸಿಕೊಳ್ಳಲಿ ಅಂತ ಜಿಸಿಸಿಯ ಕನ್‌ಸ್ಟ್ರಕ್ಟರ್ ಸೌಲಭ್ಯ ಬಳಸಿದ್ದರು. ಮೇನ್ ಶುರುವಾಗುವ ಮುಂಚೆಯೇ ಆ ಫಂಕ್ಷನ್‌ಗಳು ಓಡಿ ಪಟ್ಟಿಗೆ ಸೇರುತ್ತವೆ. ಟೆಸ್ಟ್ ಫೈಲುಗಳನ್ನು ನೇರವಾಗಿ ಲಿಂಕ್ ಮಾಡಿದರೆ ಇದು ಸರಿಯಾಗಿಯೇ ನಡೆಯುತ್ತದೆ. ಆದರೆ ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಟೆಸ್ಟ್ ಫೈಲುಗಳನ್ನು ಮೊದಲು ಒಂದು ಸ್ಟ್ಯಾಟಿಕ್ ಲೈಬ್ರರಿಯಾಗಿ ಕಟ್ಟಿ ಆಮೇಲೆ ಲಿಂಕ್ ಮಾಡುವ ರೂಢಿ ಇದೆ. ಸ್ಟ್ಯಾಟಿಕ್ ಲೈಬ್ರರಿಯಿಂದ ಲಿಂಕರ್ ಎಲ್ಲವನ್ನೂ ಎತ್ತಿಕೊಳ್ಳುವುದಿಲ್ಲ. ಯಾರಾದರೂ ಹೆಸರು ಹಿಡಿದು ಕೇಳಿದ ಸಿಂಬಲ್ ಯಾವ ಆಬ್ಜೆಕ್ಟ್‌ನಲ್ಲಿದೆಯೋ ಅದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಟೆಸ್ಟ್ ಫೈಲನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅದು ಲಿಂಕ್ ಆಗುವುದೇ ಇಲ್ಲ. ಕೊನೆಗೆ 'ಟೆಸ್ಟ್: 0, ಫೇಲ್: 0', ಎಕ್ಸಿಟ್ ಕೋಡ್ ಸೊನ್ನೆ. ಹೋಲ್-ಆರ್ಕೈವ್ ಆಯ್ಕೆ ಕೊಟ್ಟರೆ ಲಿಂಕರ್ ಪೂರ್ತಿ ಎತ್ತಿಕೊಳ್ಳುತ್ತದೆ ನಿಜ. ಆದರೆ ತೊಂದರೆ ಇದೆ ಅಂತ ಗೊತ್ತಾದವರು ತಾನೇ ಅದನ್ನು ಹಾಕುವುದು?

ಒಂದು ಟೆಸ್ಟೂ ಓಡದಿದ್ದರೆ ಅದನ್ನು ಫೇಲ್ ಅಂತಲೇ ಹೇಳಬೇಕು ಅನ್ನುವುದು ನನ್ನ ವಾದ. ಬರೆದವರು ಮೊದಲು ಒಪ್ಪಲಿಲ್ಲ. "ಕೆಲವು ಬಿಲ್ಡ್‌ಗಳಲ್ಲಿ ನಿಜವಾಗಿಯೂ ಟೆಸ್ಟ್ ಇರುವುದಿಲ್ಲ, ಅವರ ಬಿಲ್ಡ್ ನಾನ್ಯಾಕೆ ಮುರಿಯಲಿ?" ಅಂತ ಕೇಳಿದರು. ಅವರ ಮಾತಿನಲ್ಲೂ ಹುರುಳಿತ್ತು. ಪೈಥಾನ್‌ನ ಟೆಸ್ಟ್ ಸಾಧನ ಪೈಟೆಸ್ಟ್‌ನಲ್ಲಿ ಒಂದೂ ಟೆಸ್ಟ್ ಸಿಗದಿದ್ದರೆ ಎಕ್ಸಿಟ್ ಕೋಡ್ 5 ಬರುತ್ತದೆ, 2023ರಲ್ಲಿ ಬಂದ ಪೈಥಾನ್ 3.12ರಿಂದ ಅದರ ಸ್ವಂತ ಯೂನಿಟ್‌ಟೆಸ್ಟ್ ಕೂಡ ಹಾಗೇ ಮಾಡುತ್ತದೆ ಅಂತ ತೋರಿಸಿದೆ. ಒಂದು ವಾರ ಮಾತುಕತೆ ನಡೆಯಿತು. ಕೊನೆಗೆ, ಸೊನ್ನೆ ಟೆಸ್ಟ್ ಅಂದರೆ ಫೇಲ್, ನಿಜಕ್ಕೂ ಖಾಲಿ ಇರಬಹುದು ಅನ್ನುವವರು ಒಂದು ಆಯ್ಕೆ ಕೊಟ್ಟು ಹಾಗೆ ಹೇಳಲಿ ಅಂತ ತೀರ್ಮಾನವಾಯಿತು. ಇದನ್ನು ಡೆಬಿಯನ್‌ನ ಪ್ಯಾಚ್ ಆಗಿ ಮಾತ್ರ ಇಟ್ಟುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಒಂದೇ ಲೈಬ್ರರಿ ಒಂದು ಕಡೆ ಫೇಲ್, ಇನ್ನೊಂದು ಕಡೆ ಪಾಸ್ ಅನ್ನಬಾರದು.

ಫೇಲ್ ಆಗಲೇಬೇಕಾದ ಟೆಸ್ಟ್

ಆ ಐದು ಸಾಲಿನ ಪ್ರೋಗ್ರಾಂ ಅನ್ನು ಖಾಯಂ ಮಾಡಬೇಕಿತ್ತು. ಡೆಬಿಯನ್‌ನಲ್ಲಿ ಆಟೊಪಿಕೆಜಿಟೆಸ್ಟ್ ಅನ್ನುವ ವ್ಯವಸ್ಥೆ ಇದೆ. ಅದು ಸೋರ್ಸ್ ಡೈರೆಕ್ಟರಿಯಲ್ಲಿರುವ ಲೈಬ್ರರಿಯನ್ನು ಬಿಟ್ಟು, ಇನ್‌ಸ್ಟಾಲ್ ಆದ ಪ್ಯಾಕೇಜನ್ನೇ ಪರೀಕ್ಷಿಸುತ್ತದೆ. ಎರಡು ಪ್ರೋಗ್ರಾಂ ಇಟ್ಟೆ. ಒಂದು ಪಾಸ್ ಆಗಬೇಕು, ಒಂದು ಫೇಲ್ ಆಗಬೇಕು. ಶೆಲ್ ಸ್ಕ್ರಿಪ್ಟ್‌ನ ತಲೆಯಲ್ಲಿ ಎಂದಿನಂತೆ 'ಸೆಟ್ ಮೈನಸ್ ಇ' ಹಾಕಿದೆ, ಯಾವ ಕಮಾಂಡ್ ಸೋತರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ ಅಂತ. ಫೇಲ್ ಆಗಬೇಕಾದ ಪ್ರೋಗ್ರಾಂ ಮುಂದೆ ! ಚಿಹ್ನೆ ಹಾಕಿ ಉತ್ತರವನ್ನು ತಿರುಗಿಸಿದೆ. ಸ್ಕ್ರಿಪ್ಟ್ ಪಾಸ್ ಆಯಿತು.

ಆಮೇಲೆ ಸೆಟ್‌ಜಂಪ್ ಪ್ಯಾಚ್ ಅನ್ನು ತೆಗೆದು ಹಳೆಯ ತಪ್ಪನ್ನು ಬೇಕೆಂದೇ ವಾಪಸ್ ತಂದೆ. ಸ್ಕ್ರಿಪ್ಟ್ ಆಗಲೂ ಪಾಸ್ ಆಯಿತು.

ಪಾಸಿಕ್ಸ್ ಅನ್ನುವ ಸ್ಟ್ಯಾಂಡರ್ಡ್‌ನಲ್ಲಿ ಶೆಲ್‌ನ ನಿಯಮ ಓದಿದಾಗ ಕಾರಣ ಸಿಕ್ಕಿತು. ! ಇಂದ ಶುರುವಾಗುವ ಕಮಾಂಡ್ ಸೋತರೆ 'ಸೆಟ್ ಮೈನಸ್ ಇ' ಅದನ್ನು ಗಮನಿಸುವುದಿಲ್ಲ. ಸ್ಕ್ರಿಪ್ಟ್ ನಿಲ್ಲದೆ ಮುಂದಿನ ಸಾಲಿಗೆ ಹೋಗುತ್ತದೆ. ಅಂದರೆ ನಾನು ಬರೆದ ಕಾವಲು ಏನೇ ಆದರೂ ಪಾಸ್ ಅನ್ನುತ್ತಿತ್ತು. ಇನ್ನೊಂದು ಕೊರತೆಯೂ ಇತ್ತು. ಸೊನ್ನೆ ಅಲ್ಲದ ಎಕ್ಸಿಟ್ ಕೋಡ್ ಬಂದರೆ ಸಾಕು ಅಂದುಕೊಂಡರೆ, ಸೆಗ್‌ಫಾಲ್ಟ್ (ಮೆಮೊರಿ ತಪ್ಪಿನ ಕ್ರ್ಯಾಶ್) ಆಗಿ 139 ಬಂದರೂ 'ಸರಿಯಾಗಿ ಫೇಲ್ ಆಯಿತು' ಅಂತಲೇ ಲೆಕ್ಕ.

ಹೊಸ ಸ್ಕ್ರಿಪ್ಟ್ ಹೀಗಿದೆ. ಕಂಪೈಲ್ ಬೇರೆ ಹಂತ, ಅದು ಸೋತರೆ ಅಲ್ಲೇ ನಿಲ್ಲುತ್ತದೆ. ಓಡಿಸಿದಮೇಲೆ ಎಕ್ಸಿಟ್ ಕೋಡ್ ಸರಿಯಾಗಿ 1 ಇರಬೇಕು. ಔಟ್‌ಪುಟ್‌ನಲ್ಲಿ ಸೋತ ಟೆಸ್ಟ್‌ನ ಹೆಸರು ಇರಬೇಕು. ಎಣಿಕೆಯ ಸಾಲಿನಲ್ಲಿ 'ಫೇಲ್: 1' ಇರಬೇಕು. 256 ಫೇಲ್ ಆಗುವ ಪ್ರೋಗ್ರಾಂ ಒಂದು, ಒಂದೂ ಟೆಸ್ಟ್ ಇಲ್ಲದ ಪ್ರೋಗ್ರಾಂ ಒಂದು ಸೇರಿಸಿದೆ. ಆಮೇಲೆ ಪ್ರತಿ ಪ್ಯಾಚ್ ಅನ್ನೂ ಒಂದೊಂದಾಗಿ ತೆಗೆದು, ಸ್ಕ್ರಿಪ್ಟ್ ನಿಜಕ್ಕೂ ಸೋಲುತ್ತದೆ ಅಂತ ಕಣ್ಣಾರೆ ನೋಡಿದೆ. ಇದೇ ತಪಾಸಣೆ ಬಿಲ್ಡ್ ಆಗುವಾಗಲೂ ಓಡುವ ಹಾಗೆ ಮಾಡಿದೆ.

ಲೈಸೆನ್ಸ್ ಕೆಲಸ ಬೇಗ ಮುಗಿಯಿತು. ಹೊಸ ಪ್ಯಾಕೇಜ್ ಡೆಬಿಯನ್‌ನ 'ನ್ಯೂ' ಸರತಿಯಲ್ಲಿ ಕಾಯುತ್ತದೆ, ಅಲ್ಲಿ ಮುಖ್ಯವಾಗಿ ಲೈಸೆನ್ಸ್ ಅನ್ನೇ ನೋಡುತ್ತಾರೆ. ಎರಡು ಸ್ಟ್ರಿಂಗ್‌ಗಳ ವ್ಯತ್ಯಾಸ ತೋರಿಸುವ ನಲವತ್ತು ಸಾಲು ಬೇರೆಲ್ಲಿಂದಲೋ ಬಂದಿತ್ತು, ಅದಕ್ಕೆ ಲೈಸೆನ್ಸ್ ಇರಲಿಲ್ಲ. ಬರೆದವರು ಅದನ್ನು ತೆಗೆದು ತಾವೇ ಹೊಸದಾಗಿ ಬರೆದರು.

ಎಎಂಡಿ64 ಆಚೆಗೆ

ಪ್ಯಾಕೇಜ್ ಒಳಗೆ ಹೋಯಿತು. ಡೆಬಿಯನ್‌ನ ಬಿಲ್ಡ್ ಯಂತ್ರಗಳು ಎಲ್ಲ ಆರ್ಕಿಟೆಕ್ಚರ್‌ಗಳಿಗೂ (ಪ್ರೊಸೆಸರ್ ಬಗೆಗಳಿಗೂ) ಅದನ್ನು ಕಟ್ಟಲು ಹೊರಟವು. ಎಎಂಡಿ64 ಸರಿ, ಐ386 ಸರಿ. ಎಆರ್‌ಎಂ64, ಪಿಪಿಸಿ64ಇಎಲ್, ಎಸ್390ಎಕ್ಸ್, ರಿಸ್ಕ್-ವಿ ಎಲ್ಲ ಕೆಂಪು. ಪಾಸ್ ಆಗಬೇಕಾದ ಟೆಸ್ಟ್‌ಗಳೆಲ್ಲ ಪಾಸ್ ಆಗಿದ್ದವು. ಸೋತದ್ದು ಆ ಐದು ಸಾಲಿನ ಪ್ರೋಗ್ರಾಂ ಮೇಲಿನ ಕಾವಲು. ಅಸರ್ಟ್ ಸೋತ ಸಂದೇಶ ಬರುತ್ತಿತ್ತು, ಆದರೆ ಕೊನೆಯ ಎಣಿಕೆಯಲ್ಲಿ 'ಫೇಲ್: 0'.

ಪ್ರತಿ ಟೆಸ್ಟ್‌ನ ಫಲಿತಾಂಶವನ್ನು ಸ್ಟ್ರಕ್ಟ್‌ನಲ್ಲಿ ಚಾರ್ (ಒಂದು ಬೈಟಿನ ಸಂಖ್ಯೆ) ಆಗಿ ಇಟ್ಟಿದ್ದರು. ಪಾಸ್ ಅಂದರೆ 0, ಸ್ಕಿಪ್ ಅಂದರೆ 1, ಫೇಲ್ ಅಂದರೆ -1. ಎಣಿಸುವಾಗ 'ಸೊನ್ನೆಗಿಂತ ಕಡಿಮೆಯೇ' ಅಂತ ಕೇಳುತ್ತಿದ್ದರು. ಸಿ ಭಾಷೆಯಲ್ಲಿ ಬರಿಯ ಚಾರ್‌ಗೆ ಮೈನಸ್ ಇದೆಯೋ ಇಲ್ಲವೋ ಅನ್ನುವುದು ಪ್ಲ್ಯಾಟ್‌ಫಾರಂಗೆ ಬಿಟ್ಟದ್ದು. ಲಿನಕ್ಸ್‌ನಲ್ಲಿ ಎಕ್ಸ್86 ಮೇಲೆ, ಅಂದರೆ ಎಎಂಡಿ64 ಮತ್ತು ಐ386 ಮೇಲೆ, ಇದೆ. ಈಗ ಹೇಳಿದ ಆ ನಾಲ್ಕರ ಮೇಲೂ ಇಲ್ಲ. ಅಲ್ಲಿ -1 ಅನ್ನು ಇಟ್ಟರೆ 255 ಆಗುತ್ತದೆ. 255 ಯಾವತ್ತೂ ಸೊನ್ನೆಗಿಂತ ಕಡಿಮೆ ಆಗುವುದಿಲ್ಲ.

ಚಾರ್ ಬದಲು ಇಂಟ್ ಹಾಕಿದೆ. ಸ್ಟ್ರಕ್ಟ್‌ನ ಅಳತೆ ಬದಲಾಯಿತು. ಶೇರ್ಡ್ ಲೈಬ್ರರಿ ಕೊಟ್ಟಿದ್ದರೆ ಮೊದಲ ವಾರದಲ್ಲೇ ಎಸ್‌ಒನೇಮ್ ಬದಲಿಸಿ, ಮತ್ತೆ 'ನ್ಯೂ' ಸರತಿಯಲ್ಲಿ ನಿಲ್ಲಬೇಕಿತ್ತು. ಸ್ಟ್ಯಾಟಿಕ್ ಆದ್ದರಿಂದ ಹೊಸ ವರ್ಶನ್ ಅಪ್‌ಲೋಡ್ ಮಾಡಿದರೆ ಮುಗಿಯಿತು. ಎಲ್ಲ ಆರ್ಕಿಟೆಕ್ಚರ್‌ಗಳೂ ಹಸಿರಾದವು.

ಮುಂದಿನ ಕೆಲಸ, ಆ ನಾಲ್ಕು ಪ್ಯಾಕೇಜ್‌ಗಳಿಂದ ಕಾಪಿ ತೆಗೆಸುವುದು. ಒಂದೊಂದರಲ್ಲೂ ಬಿಲ್ಡ್-ಡಿಪೆಂಡ್ಸ್‌ಗೆ (ಬಿಲ್ಡ್ ಆಗಲು ಬೇಕಾದ ಪ್ಯಾಕೇಜ್‌ಗಳ ಪಟ್ಟಿಗೆ) ನಮ್ಮ ಪ್ಯಾಕೇಜ್ ಸೇರಿಸಬೇಕು. ಟೆಸ್ಟ್ ಬಿಟ್ಟು ಬಿಲ್ಡ್ ಮಾಡುವವರಿಗೆ ಅದು ಬೇಡ, ಹಾಗಾಗಿ ಅದರ ಪಕ್ಕ ನೋಚೆಕ್ ಗುರುತು ಹಾಕಬೇಕು. ಎರಡು ಪ್ಯಾಕೇಜ್‌ಗಳು ತಕರಾರಿಲ್ಲದೆ ಬದಲಾದವು. ಒಂದರವರು ಇನ್ನೂ ಉತ್ತರ ಕೊಟ್ಟಿಲ್ಲ.

ನಾಲ್ಕನೆಯದು ಎಎಂಡಿ64 ಮೇಲೆ ಪಾಸ್ ಆಗಿ, ಎಆರ್‌ಎಂ64 ಮೇಲೆ ಫೇಲ್ ಆಯಿತು. ಅದರ ಚೆಕ್‌ಸಮ್ ಫಂಕ್ಷನ್ ಬೈಟ್‌ಗಳನ್ನು ಬರಿಯ ಚಾರ್ ಆಗಿ ಕೂಡುತ್ತಿತ್ತು. 127 ಮೀರಿದ ಬೈಟ್ ಬಂದರೆ ಎರಡು ಯಂತ್ರಗಳಲ್ಲಿ ಎರಡು ಮೊತ್ತ. ಅದನ್ನು ನೋಡಿಕೊಳ್ಳುವವರು "ನಿಮ್ಮ ಹೊಸ ಲೈಬ್ರರಿ ಬಂದಮೇಲೆ ಮುರಿದದ್ದು, ಮುಂಚೆ ಸರಿಯಾಗಿತ್ತು" ಅಂತ ಬರೆದರು. ಡೆಬಿಯನ್‌ನ ಹಳೆಯ ಬಿಲ್ಡ್ ಲಾಗ್‌ಗಳು ಯಾರು ಬೇಕಾದರೂ ಓದುವ ಹಾಗೆ ಇರುತ್ತವೆ. ಅದೇ ಪ್ಯಾಕೇಜ್‌ನ ಹಿಂದಿನ ವರ್ಶನ್‌ನ ಎಆರ್‌ಎಂ64 ಲಾಗ್ ತೆಗೆದೆ. ಚೆಕ್‌ಸಮ್ ತಾಳೆಯಾಗುತ್ತಿಲ್ಲ ಅನ್ನುವ ಸಂದೇಶ ಅಲ್ಲೇ ಇತ್ತು. ಅದರ ಕೆಳಗಿನ ಸಾಲಿನಲ್ಲಿ 'ಫೇಲ್: 0, ಸ್ಕಿಪ್: 1'. ಆ ಎರಡು ಸಾಲುಗಳನ್ನು ಕಾಪಿ ಮಾಡಿ ಅವರಿಗೆ ಕಳಿಸಿದೆ. ಮಾರನೇ ದಿನ ಅವರು ಚಾರ್ ತೆಗೆದು ಅನ್‌ಸೈನ್ಡ್ ಚಾರ್ ಹಾಕಿದ ಪ್ಯಾಚ್ ಬಂತು.